ಇಬ್ಬರ ಜಗಳ, ಅಪ್ಪನ ಟಿವಿ

ರಾಯಚೂರು ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಶೆಟ್ಟಿಹಳ್ಳಿ ಮನೆಗೆ ಬಂದಿದ್ರು. ಹತ್ತಿರದ ಪೀಣ್ಯ ತೋರಿಸಿ, "ಆರ್ಯಭಟ ಉಪಗ್ರಹ ಕಟ್ಟಿದ್ದು ಇಲ್ಲಿನ ಶೆಡ್‌ಗಳಲ್ಲಿ, 1975ರ ಏಪ್ರಿಲ್ 19ಕ್ಕೆ ಹಾರಿಸಿದ್ದು ಸೋವಿಯತ್ ರಾಕೆಟ್" ಅಂದೆ.

"ಅದೇ ವರ್ಷ ನಮ್ಮೂರಿಗೆ ಟಿವಿ ಬಂತು ನೋಡು."

ಅದು ಅಮೆರಿಕದ ಎಟಿಎಸ್-6 ಉಪಗ್ರಹದಿಂದ, ಸುಮಾರು 2,400 ಹಳ್ಳಿಗಳಿಗೆ. ಶೀತಲ ಸಮರದಲ್ಲಿ ಇಬ್ಬರಿಗೂ ಭಾರತದ ಸ್ನೇಹ ಬೇಕಿತ್ತು.

"ಜಗಳ ಅವರದು, ಲಾಭ ನಮ್ಮದು" ಅಂದೆ.

"ವರ್ಷಕ್ಕೇ ಬಂದ್ ಆತಲ್ಲೋ! ಪೆಟ್ಟಿಗಿ ಅಷ್ಟ ಉಳೀತು."

ಹೌದು, 1976ರಲ್ಲಿ ಅಮೆರಿಕ ತನ್ನ ಉಪಗ್ರಹವನ್ನು ವಾಪಸ್ ಕರೆಸಿಕೊಂಡಿತು. ವಿದ್ಯುತ್ ಕೈಕೊಟ್ಟು ಆರ್ಯಭಟದ ಪ್ರಯೋಗಗಳೂ ಕೆಲವೇ ದಿನಕ್ಕೆ ನಿಂತಿದ್ದವು. ಆದರೆ ಅದನ್ನು ಕಟ್ಟಿ ಕಲಿತವರು ಇಲ್ಲೇ ಉಳಿದರು.

ನನ್ನ ಸಂಬಳವೂ ಅಮೆರಿಕದ್ದೇ. ಆ ವಾರ ಟೀಮಿನಲ್ಲಿ ಲೇಆಫ್ ನಡೀತಿತ್ತು; ಅಪ್ಪನಿಗೆ ಹೇಳಿರಲಿಲ್ಲ. ನಾನು ಕಲಿತದ್ದೇನು ಅಂತ ಲೆಕ್ಕ ಹಾಕ್ತಾ ಗಾಡಿ ತಿರುಗಿಸಿದೆ.