ನನ್ನ ಗಣಕಯಂತ್ರವೂ ಅಪ್ಪನ ಗಿರಣಿಯೂ

ಇತಿಹಾಸವನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಗಣಕಯಂತ್ರದ ಹೊಟ್ಟೆಯೊಳಗೆ ಕೈಹಾಕುವ ಚಪಲವೇಕೆಂದು ನಮ್ಮ ಅಧ್ಯಾಪಕರು ಕೇಳಿಯಾರು. ಕೇಳಿದರೆ ತಪ್ಪೇನೂ ಇಲ್ಲ. ನನ್ನ ಉತ್ತರವಿಷ್ಟೆ: ಯಂತ್ರ ಬಹಳ ನಿಧಾನವಾಗಿತ್ತು, ಬೇರೊಂದನ್ನು ಕೊಳ್ಳಲು ಹಣವಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನುಗಳ ನಡುವೆ ಹುಡುಕಿ ತಂದ ಯಂತ್ರವದು. ಅದರ ಪ್ರೊಸೆಸರು 2007ರಲ್ಲಿ ಬಂದ ಇಂಟೆಲ್ ಪೆಂಟಿಯಂ ಡ್ಯುಯಲ್-ಕೋರ್ ಇ2160. ನನಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ಗಣಕಯಂತ್ರಗಳ ಲೋಕದಲ್ಲಿ ಅದು ಮುತ್ತಜ್ಜ. ಜೊತೆಗೆ ಒಂದೊಂದು ಗಿಗಾಬೈಟಿನ ಎರಡು ರ್ಯಾಮ್ ಪಟ್ಟಿಗಳು, ಡಿಡಿಆರ್2-667 ಎಂಬ ಜಾತಿಯವು. ಶ್ರೀರಂಗಪಟ್ಟಣ, ಮೇಲುಕೋಟೆ, ಹೊಸಹೊಳಲು, ನಾಗಮಂಗಲಗಳ ದೇವಾಲಯಗಳನ್ನು ಕುರಿತು ಒಂದು ಪ್ರಬಂಧವನ್ನು ನಾನು ಒಪ್ಪಿಸಬೇಕಾಗಿತ್ತು. ನಾಲ್ಕು ಭಾನುವಾರಗಳ ಬಸ್ಸಿನ ಪ್ರಯಾಣದಲ್ಲಿ ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದೆನು. ಒಂದು ಚಿತ್ರ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು.

ಆಗ ಗೆಳೆಯನೊಬ್ಬನು ಉಪಾಯವನ್ನು ಹೇಳಿಕೊಟ್ಟನು. ಈ ಯಂತ್ರಕ್ಕೆ ಒಂದು ಮೂಲ ಬಡಿತವಿದೆ. ಅದು 200 ಮೆಗಾಹರ್ಟ್ಸ್. ಪ್ರೊಸೆಸರು ಅದರ ಒಂಬತ್ತು ಪಟ್ಟು, ಎಂದರೆ 1800ರ ವೇಗದಲ್ಲಿ ಓಡುತ್ತದೆ. ಒಂಬತ್ತನ್ನು ಹತ್ತು ಮಾಡಲು ತಯಾರಕರು ಬಿಟ್ಟಿಲ್ಲ. ಆದರೆ ಯಂತ್ರ ಏಳುವಾಗ ಡಿಲೀಟ್ ಕೀಲಿಯನ್ನು ಒತ್ತಿ ಬಯೋಸ್ ಎಂಬ ಪುಟವನ್ನು ತೆರೆದು, ಮೂಲ ಬಡಿತವನ್ನೇ 266 ಮಾಡಿದರೆ ಪ್ರೊಸೆಸರು 2400ಕ್ಕೆ ಏರುತ್ತದೆ. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಾಸು ಖರ್ಚಿಲ್ಲದೆ ಮೂರನೆಯ ಒಂದು ಪಾಲು ವೇಗ ಹೆಚ್ಚಿತು! ಎರಡು ವಾರ ನನ್ನಂತಹ ಜಾಣನು ಈ ಜಿಲ್ಲೆಯಲ್ಲಿಯೇ ಇಲ್ಲವೆಂದು ನಂಬಿದ್ದೆನು. ಆ ಉತ್ಸಾಹದಲ್ಲಿಯೇ ಚಿತ್ರಗಳನ್ನೆಲ್ಲ ಯಂತ್ರಕ್ಕೆ ಇಳಿಸಿ, ಎರವಲು ತಂದಿದ್ದ ಕ್ಯಾಮೆರಾದ ಕಾರ್ಡನ್ನು ಅಳಿಸಿ ಹಿಂದಿರುಗಿಸಿದೆನು.

ಪ್ರಬಂಧಕ್ಕೆ ಚಿತ್ರಗಳನ್ನು ಜೋಡಿಸಲು ಕುಳಿತ ದಿನ ಎದೆ ಧಸಕ್ಕೆಂದಿತು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಶಿಖರವಿದೆ. ನಕ್ಷತ್ರಾಕಾರದ ಜಗತಿ ಇರಬೇಕಾದೆಡೆ ಬೂದುಬಣ್ಣದ ಪಟ್ಟಿ. ನಾಗಮಂಗಲದ ಸೌಮ್ಯಕೇಶವನ ಗೋಪುರ ನಡುವೆ ತುಂಡಾಗಿ ಪಕ್ಕಕ್ಕೆ ಸರಿದಿದೆ. ಕೆಲವು ಚಿತ್ರಗಳು ತೆರೆಯಲೇ ಇಲ್ಲ. ಸೋಜಿಗವೆಂದರೆ, ಯಂತ್ರ ಒಮ್ಮೆಯೂ ಮುಷ್ಕರ ಹೂಡಿರಲಿಲ್ಲ. ನಗುನಗುತ್ತಲೇ ಕಳವು ಮಾಡಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನೊಡನೆ ಹೇಳಿಕೊಂಡೆನು. ಅಪ್ಪ ಕೆ.ಆರ್. ಪೇಟೆಯ ಕಡೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಬಹುಕಾಲದಿಂದ ದುಡಿಯುತ್ತಿದ್ದಾರೆ. ಬಯೋಸ್ ಎಂದರೇನೆಂದು ಅವರು ಕೇಳಲಿಲ್ಲ. ಮೂಲ ಬಡಿತ, ಒಂಬತ್ತು ಪಟ್ಟು ಎಂಬುದನ್ನು ಮಾತ್ರ ಮುದ್ದೆ ಮುರಿಯುತ್ತ ಕೇಳಿಸಿಕೊಂಡು, “ಒಂದೇ ಮೋಟ್ರಿಗೆ ಎಲ್ಡು ಬೆಲ್ಟ್ ಹಾಕಿದ್ದೀಯ. ಮೋಟ್ರು ಜೋರು ಮಾಡುದ್ರೆ ಎಲ್ಡೂ ಜೋರಾಯ್ತವೆ. ಆ ಕಡೆ ಚಕ್ರ ಬದಲಾಯ್ಸಿದ್ಯೇನ್ಲಾ?” ಎಂದರು. ಅವರ ಗಿರಣಿಯಲ್ಲಿ ಒಂದೇ ಮೋಟಾರು ರಾಗಿಯ ಕಲ್ಲನ್ನೂ ಖಾರದ ಪುಡಿಯ ಯಂತ್ರವನ್ನೂ ತಿರುಗಿಸುತ್ತದೆ. ಒಂದರ ಅವಸರಕ್ಕಾಗಿ ಮೋಟಾರನ್ನು ಓಡಿಸಿದರೆ ಇನ್ನೊಂದರಲ್ಲಿ ರಾಗಿ ಹಿಟ್ಟು ಸೀದ ವಾಸನೆ ಬರುತ್ತದೆ.

ನಾನು ಚಕ್ರ ಬದಲಾಯಿಸಿರಲಿಲ್ಲ. ಹಾಗೆ ಬದಲಾಯಿಸತಕ್ಕ ಚಕ್ರವೊಂದು ಇದೆಯೆಂಬುದೇ ನನಗೆ ಹೊಳೆದಿರಲಿಲ್ಲ. ರ್ಯಾಮೂ ಅದೇ ಮೂಲ ಬಡಿತಕ್ಕೆ ಕಟ್ಟಿಕೊಂಡಿರುತ್ತದೆ, 3.33 ಪಟ್ಟಿನ ಲೆಕ್ಕದಲ್ಲಿ. 200ರ 3.33 ಪಟ್ಟು 667. ಅದು ಅದರ ಯೋಗ್ಯತೆ. 266ರ 3.33 ಪಟ್ಟು 887! ಬಡಪಾಯಿಯನ್ನು ಎರಡು ವಾರ ಹೀಗೆ ಓಡಿಸಿದ್ದೆನು. ಕಾರ್ಡಿನಿಂದ ಡಿಸ್ಕಿಗೆ ಹೋಗುವ ಒಂದೊಂದು ಅಂಕಿಯೂ ರ್ಯಾಮಿನಲ್ಲಿ ತಂಗಿಯೇ ಹೋಗತಕ್ಕದ್ದು. ಅಲ್ಲಿ ಒಂದು ಸೊನ್ನೆ ಒಂದಾದರೆ ಡಿಸ್ಕು ಅದನ್ನೇ ಸತ್ಯವೆಂದು ಬರೆದುಕೊಳ್ಳುತ್ತದೆ. ಮೆಮ್‌ಟೆಸ್ಟ್86+ ಎಂಬ ಪರೀಕ್ಷೆಯನ್ನು ಓಡಿಸಿದಾಗ ಪರದೆಯ ತುಂಬ ಕೆಂಪು ಸಾಲುಗಳು. ಇದನ್ನು ಮೊದಲ ದಿನವೇ ಮಾಡಬೇಕಾಗಿತ್ತು.

ಪಟ್ಟನ್ನು 2.5ಕ್ಕೆ ಇಳಿಸಿದರೆ 266ರ ಬಡಿತದಲ್ಲಿಯೂ ರ್ಯಾಮ್ 667ರಲ್ಲಿಯೇ ನಿಲ್ಲುತ್ತದೆ. ನಾನು ಇನ್ನೂ ಕೆಳಗೆ, 2ಕ್ಕೆ ಇಳಿಸಿದೆನು, ಎಂದರೆ 533. ಹೇಡಿತನವೆಂದು ಗೆಳೆಯನು ನಕ್ಕನು. ಆದರೆ ಲೆಕ್ಕ ಹಾಕಿ ನೋಡಿ: ಈ ಬಗೆಯ ಯಂತ್ರಗಳಲ್ಲಿ ಪ್ರೊಸೆಸರಿಗೂ ರ್ಯಾಮಿಗೂ ನಡುವೆ ಒಂದು ದಾರಿಯಿದೆ. 266ರ ಬಡಿತದಲ್ಲಿ ಅದು ಸೆಕೆಂಡಿಗೆ ಸುಮಾರು 8.5 ಗಿಗಾಬೈಟನ್ನು ಹೊರಬಲ್ಲದು. 533ರ ಎರಡು ಪಟ್ಟಿಗಳು ಜೋಡಿಯಾಗಿ ದುಡಿದರೆ ಕೊಡುವುದೂ ಅಷ್ಟೇ, 8.5. ಅದೇ 667ರಲ್ಲಿ ಅವು 10.6ರಷ್ಟು ಕೊಡಬಲ್ಲವು, ನಿಜ. ಆದರೆ ಹೆಚ್ಚಿನದು ದಾರಿಯಲ್ಲಿ ಹಿಡಿಸಬೇಕಲ್ಲ! ಗಡಿಯಾರ ಹಿಡಿದು ನೋಡಿದಾಗಲೂ ನನ್ನ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ನಮ್ಮದು ಹೆಂಚಿನ ಮನೆ, ಬಂದದ್ದು ಏಪ್ರಿಲ್ ತಿಂಗಳು. ಒಂದು ಇಡೀ ರಾತ್ರಿ ಪರೀಕ್ಷೆ ನಡೆಯಿತು. ಒಂದು ಕೆಂಪು ಸಾಲೂ ಇಲ್ಲ.

ಹೊಸಹೊಳಲಿಗೂ ನಾಗಮಂಗಲಕ್ಕೂ ಮತ್ತೆ ಹೋಗಿ ಚಿತ್ರ ತೆಗೆದು ತಂದೆನು. ದೇವಾಲಯಗಳು ಎಲ್ಲಿಗೂ ಹೋಗುವುದಿಲ್ಲವಷ್ಟೆ. ಕಷ್ಟವಾದದ್ದು ಮೇಲುಕೋಟೆಯ ಒಂದು ಚಿತ್ರ. ಆ ಭಾನುವಾರ ಅಜ್ಜಿಯೂ ಜೊತೆಗೆ ಬಂದು ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಈಗ ಮಂಡಿನೋವಿನಿಂದ ಅವಳಿಗೆ ಬಸ್ಸು ಹತ್ತಲಾಗುವುದಿಲ್ಲ. ಚಿತ್ರದಲ್ಲಿ ಕಲ್ಯಾಣಿಯ ಮಂಟಪವಿದೆ, ಅವಳ ಮುಖವಿದೆ, ಭುಜದಿಂದ ಕೆಳಕ್ಕೆ ಎಲ್ಲವೂ ಬೂದಿ. ಹೆದರುತ್ತಲೇ ತೋರಿಸಿದೆನು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಮಕ ಬಂದದಲ್ಲ, ಬುಡು. ಸೀರೆ ಹೆಂಗೂ ಹಳೇದು,” ಎಂದಳು.