ಟಿಕ್ ಹಾಕಿದ್ದು ಯಾರು?

ತೊಗರಿ ಬೆಳೆ ಸಮೀಕ್ಷೆಗೆ ಅಂತ ಮಾಡಿದ ಹಳೇ ಡಾಟ್‌ನೆಟ್ ತಂತ್ರಾಂಶವೊಂದು ನನ್ನ ಪಾಲಿಗೆ ಬಂತು. ಪರದೆಯ ಎಡಕ್ಕೆ ಟ್ರೀವ್ಯೂ: ಕಲಬುರಗಿ, ಅದರೊಳಗೆ ಆಳಂದ, ಅಫಜಲಪುರ, ಜೇವರ್ಗಿ, ಅವುಗಳ ಕೆಳಗೆ ಹೋಬಳಿ, ಹಳ್ಳಿ. ತಾಲ್ಲೂಕಿಗೆ ಟಿಕ್ ಹಾಕಿದರೆ ಅದರ ಹಳ್ಳಿಗಳಿಗೆಲ್ಲ ಟಿಕ್ ಬೀಳಬೇಕು. ಇಷ್ಟೇ ತಾನೆ ಅನ್ನಿಸುತ್ತೆ.

ಆ ಕೆಲಸವನ್ನು ಯಾರೋ ಮೌಸ್ ಕ್ಲಿಕ್ಕಿಗೆ ಕಟ್ಟಿಹಾಕಿದ್ದರು. ಜೇವರ್ಗಿಯ ಆಪರೇಟರ್ ಮೇಡಂ ಮೌಸ್ ಮುಟ್ಟೋರೇ ಅಲ್ಲ. ಬಾಣದ ಕೀಲಿ, ಸ್ಪೇಸ್‌ಬಾರ್, ಅಷ್ಟೇ. "ಸರ, ಜೇವರ್ಗಿ ಟಿಕ್ ಆಗ್ಯದ, ಪ್ರಿಂಟಿನ್ಯಾಗ ಒಂದ್ ಹಳ್ಳೀನೂ ಬಂದಿಲ್ಲ ನೋಡ್ರಿ" ಅಂದ್ರು ಫೋನಲ್ಲಿ. ಪಟ್ಟಿಯಲ್ಲಿ ಇಲ್ಲದ ಹಳ್ಳಿಗೆ ಸಮೀಕ್ಷೆಯವರು ಹೋಗಲ್ಲ. ಒಣಗಿದ ತೊಗರಿ ಲೆಕ್ಕಕ್ಕೇ ಸಿಗಲ್ಲ.

ಸರಿಯಾದ ಜಾಗ ಆಫ್ಟರ್‌ಚೆಕ್ ಇವೆಂಟ್. ಮೌಸೋ ಕೀಬೋರ್ಡೋ, ಟಿಕ್ ಬದಲಾದರೆ ಅದು ಕೂಗುತ್ತೆ. ಪೇಚು ಏನಂದ್ರೆ, ನಮ್ಮ ಕೋಡೇ ಟಿಕ್ ಹಾಕಿದಾಗಲೂ ಕೂಗುತ್ತೆ. ಹಳ್ಳಿ ಬದಲಾಯ್ತು ಅಂತ ಹೋಬಳಿ, ಹೋಬಳಿ ಬದಲಾಯ್ತು ಅಂತ ಹಳ್ಳಿ, ರಾತ್ರಿ ಊರ ನಾಯಿಗಳ ಹಾಗೆ ಒಂದಕ್ಕೊಂದು ಉತ್ತರ ಕೊಡ್ತಾ ಕೂರ್ತವೆ. ಅದಕ್ಕೇ ಇವೆಂಟಿನ ಜೊತೆ 'ಆಕ್ಷನ್' ಅಂತ ಒಂದು ಮಾಹಿತಿ ಬರುತ್ತೆ: ಬೈಮೌಸ್, ಬೈಕೀಬೋರ್ಡ್, ಇಲ್ಲವೇ ಅನ್‌ನೋನ್. ಕೋಡ್ ಹಾಕಿದ ಟಿಕ್ 'ಅನ್‌ನೋನ್'. ಅದನ್ನು ಬಿಟ್ಟು, ಮನುಷ್ಯರು ಹಾಕಿದ್ದಕ್ಕೆ ಮಾತ್ರ ಓಗೊಟ್ಟರೆ ಗಲಾಟೆ ನಿಲ್ಲುತ್ತೆ. ಒಂದೇ ಸಾಲಿನ ಇಫ್!

ಇನ್ನೊಂದು ಕಾಟ ಉಳಿದೇ ಇದೆ. ಚೌಕದ ಮೇಲೆ ಪಟಪಟ ಎರಡು ಸಲ ಕ್ಲಿಕ್ ಮಾಡಿದರೆ ಪರದೆಯ ಟಿಕ್ ಒಂದು ಹೇಳುತ್ತೆ, ಒಳಗಿನ ಲೆಕ್ಕ ಇನ್ನೊಂದು. ಆಳಂದ, ಅಫಜಲಪುರದವರಿಗೆ ಅದನ್ನ ಹೇಳಿಟ್ಟಿದ್ದೀನಿ. ಜೇವರ್ಗಿ ಮೇಡಂಗೆ ಹೇಳೋ ಅಗತ್ಯವೇ ಬೀಳಲಿಲ್ಲ.