ಬೀಜದ ಹಲಸು

ಪುತ್ತೂರಿನಲ್ಲಿ ಮಳೆ ಹಿಡಿದಿದೆ. ನಿನ್ನೆ ತಿಂದ ಹಲಸಿನ ಬೀಜವನ್ನು, ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಂಡೀತೆಂದು, ಇಂದೇ ಹಿತ್ತಿಲಿನಲ್ಲಿ ಊರುತ್ತಿದ್ದಾಗ ನೆರೆಯವರು ಕೇಳಿದರು: "ಕಸಿಗಿಡ ತಂದ್ರೆ ಮೂರ್ನಾಲ್ಕು ವರ್ಷಕ್ಕೆ ಫಲ ಬರ್ತದಲ್ಲಾ ಮಾಸ್ಟ್ರೇ, ಈ ಪ್ರಾಯದಲ್ಲಿ ಬೀಜ ಯಾಕೆ?"

ಮಾತು ಯಥಾರ್ಥವೇ, ಬೀಜದ ಮರ ಏಳೆಂಟು ವರ್ಷ ಕಾಯಿಸುವುದುಂಟು. ಆದರೆ ಕಸಿಯ ವೃಕ್ಷವು ತಾಯಿಮರದ ಗುಣವನ್ನೇ ವಿಧೇಯತೆಯಿಂದ ಒಪ್ಪಿಸುವಲ್ಲಿ, ಬೀಜದಿಂದೆದ್ದುದು ಗಟ್ಟಿ ತೊಳೆಯ ಬಕ್ಕೆಯೋ ಮೆತ್ತನೆಯ ತುಳುವವೋ, ಮಧುರವೋ ಸಪ್ಪೆಯೋ ಎಂಬುದನ್ನು ಪ್ರಥಮ ಫಲದವರೆಗೂ ಗೋಪ್ಯವಾಗಿರಿಸುವ ಆ ಕೌತುಕವನ್ನು, ಗಡಿಯಾರದ ದಾಸನಾಗಿದ್ದ ಉದ್ಯೋಗಕಾಲದಲ್ಲಿ ನಾನು ಸಹಿಸುತ್ತಿದ್ದೆನೇ? (ಚಿಕ್ಕುವಿನ ವಿಷಯದಲ್ಲಿ ಈಗಲೂ ಅಷ್ಟು ಸಹನೆಯಿಲ್ಲ, ಬಿಡಿ.)

ನಿಮ್ಮ ಹಿತ್ತಿಲಿನಲ್ಲಿ ಬೀಜದಿಂದಲೇ ಎದ್ದ ಮರವುಂಟೇ? ಹಣ್ಣು ತಾಯಿಯನ್ನು ಹೋಲಿತೇ?